ಉಪ್ಪು, ತುಕ್ಕು, ಅಗಸೆ ಎಣ್ಣೆ

ಗುರಿ ಅಭ್ಯಾಸ ಮುಗಿಸಿ ಬ್ಯಾರಕಿಗೆ ಮರಳಿದ ಬ್ರಿಟಿಷ್ ಸಿಪಾಯಿಗೆ ಇನ್ನೂ ಒಂದು ಕೆಲಸ ಬಾಕಿ ಇರುತ್ತಿತ್ತು. ನೀರು ಕುದಿಸಬೇಕು, ರೈಫಲ್ಲಿನ ಬೋಲ್ಟ್ ತೆಗೆಯಬೇಕು, ನಳಿಗೆಯ ಹಿಂಬದಿಗೆ ಆಲಿಕೆ ಇಟ್ಟು ಆ ನೀರನ್ನು ಸುರಿಯಬೇಕು. ಅದು ಮತ್ತೊಂದು ತುದಿಯಿಂದ ಕಪ್ಪಗೆ ಹರಿದು ಬೀಳುತ್ತಿತ್ತು. ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಕಬ್ಬಿಣಕ್ಕೆ ನೀರು ಆಗದು ಎಂದು ಮಕ್ಕಳಿಗೂ ಗೊತ್ತು. ಹಾಗಿದ್ದೂ ಉಕ್ಕಿನ ಕೊಳವೆಯೊಳಗೆ ಬೇಕೆಂದೇ ನೀರು ಹೊಯ್ಯುವ ಪದ್ಧತಿ ಅಲ್ಲಿ ಹೇಗೆ ಬಂತು?

ಕಾರಣ ತೋಟಾದ ತಳದಲ್ಲಿರುವ ಪುಟ್ಟ ಕೇಪಿನಲ್ಲಿದೆ. ಕುದುರೆ ಎಳೆದಾಗ ಸೂಜಿಯ ಪೆಟ್ಟಿಗೆ ಮೊದಲು ಸಿಡಿಯುವುದು ಅದೇ. ಅಂದಿನ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ತನ್ನಲ್ಲಿದ್ದ ಆಕ್ಸಿಜನ್ನನ್ನು ಉರಿಗೆ ಕೊಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್. ಇದು ನಮ್ಮ ಅಡುಗೆ ಉಪ್ಪಿನ ಕುಲಕ್ಕೇ ಸೇರಿದ ಲವಣ. ಒಂದೊಂದು ಗುಂಡು ಹಾರಿದಾಗಲೂ ಅದು ಸಣ್ಣ ಹರಳುಗಳಾಗಿ ನಳಿಗೆಯ ಒಳಮೈಗೆ ಅಂಟುತ್ತದೆ. ಒಣಹವೆಯಲ್ಲಿ ಸುಮ್ಮನಿರುತ್ತದೆ, ಗಾಳಿಯಲ್ಲಿ ತೇವ ಏರಿತೆಂದರೆ ನೀರು ಹೀರಿಕೊಂಡು ಉಪ್ಪುನೀರಿನ ಪದರವಾಗುತ್ತದೆ. ಕಬ್ಬಿಣವನ್ನು ಕೊರೆಯಲು ಅಷ್ಟು ಸಾಕು. ಲವಣ ಎಣ್ಣೆಯಲ್ಲಿ ಕರಗುವುದಿಲ್ಲವಾದ್ದರಿಂದ ಬರೀ ಎಣ್ಣೆ ಸವರಿದರೆ ಉಪ್ಪಿನ ಮೇಲೆ ಹೊದಿಕೆ ಹೊದಿಸಿದಂತಾಯಿತು, ಅಷ್ಟೆ. ನೀರಿನಲ್ಲಿ ಕರಗುತ್ತದೆ, ಕುದಿಯುವ ನೀರಿನಲ್ಲಿ ಇನ್ನೂ ಹೆಚ್ಚು ಕರಗುತ್ತದೆ. ಕುದಿನೀರಿಗೆ ಮತ್ತೊಂದು ಗುಣವೂ ಇದೆ: ನಳಿಗೆಯನ್ನು ಎಷ್ಟು ಬಿಸಿ ಮಾಡುತ್ತದೆ ಎಂದರೆ ಒಳಗೆ ಉಳಿದ ತೇವ ತಾನೇ ಆವಿಯಾಗಿ ಹೋಗುತ್ತದೆ. ಸೈನ್ಯ ಸಿಪಾಯಿಗೆ ಈ ರಸಾಯನಶಾಸ್ತ್ರವನ್ನು ಪಾಠ ಮಾಡಬೇಕಿರಲಿಲ್ಲ. ಪದ್ಧತಿಯನ್ನು ತಪ್ಪದೆ ಮಾಡಿಸಿದರೆ ಆಗುತ್ತಿತ್ತು.

ಇಂದು ಹಳೆಯ ರೈಫಲ್ ಕೊಳ್ಳುವ ಸಂಗ್ರಾಹಕ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ಇಣುಕುತ್ತಾನೆ. ಒಳಮೈ ಕನ್ನಡಿಯಂತಿದ್ದರೆ ಎಂದೋ ಯಾವನೋ ಒಬ್ಬ ತಪ್ಪದೆ ನೀರು ಕುದಿಸಿದ್ದಾನೆ. ಸಿಡುಬಿನ ಕಲೆಗಳಂಥ ಗುಳಿಗಳಿದ್ದರೆ ಯಾರೋ ಕೆಲವು ದಿನ ಆ ಕೆಲಸ ಬಿಟ್ಟಿದ್ದಾರೆ. ಅವರ ಹೆಸರು ಎಲ್ಲೂ ದಾಖಲಾಗಿಲ್ಲ, ಅವರ ಶ್ರದ್ಧೆ ಮಾತ್ರ ಉಕ್ಕಿನಲ್ಲಿ ದಾಖಲಾಗಿದೆ. ಹಳೆಯ ಬ್ರಿಟಿಷ್ ರೈಫಲ್ಲುಗಳ ಸಂಗ್ರಹ ಮತ್ತು ಜೀರ್ಣೋದ್ಧಾರ ನನ್ನನ್ನು ಸೆಳೆದದ್ದು ಈ ಕಾರಣಕ್ಕೆ. ಅವುಗಳ ಯುದ್ಧಕಥೆಗಳನ್ನು ಬೇಕಾದಷ್ಟು ಜನ ಬರೆದಿದ್ದಾರೆ. ಗುಂಡು ಹಾರಿಸದೆ ಕಳೆದ ದಶಕಗಳಲ್ಲಿ ಉಕ್ಕು, ಮರ, ಹಿತ್ತಾಳೆ, ಎಣ್ಣೆಗಳ ನಡುವೆ ನಡೆದ ನಿಧಾನದ ಕ್ರಿಯೆಗಳ ಕಥೆ ಅಷ್ಟಾಗಿ ಹೊರಬಂದಿಲ್ಲ. ಅವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಯಲು ಬಿಡಬೇಕು, ಯಾವುದನ್ನು ಸಾಕ್ಷಿಯೆಂದು ಮುಟ್ಟದೆ ಕಾಯಬೇಕು ಎಂದು ತಿಳಿಯುವುದೇ ಒಳ್ಳೆಯ ಜೀರ್ಣೋದ್ಧಾರ.

ನಮ್ಮವರಿಗೆ ಚೆನ್ನಾಗಿ ಪರಿಚಯವಿರುವ ‘ತ್ರೀ ನಾಟ್ ತ್ರೀ’ಯನ್ನೇ ತೆಗೆದುಕೊಳ್ಳೋಣ. ಪೊಲೀಸರ ಹೆಗಲಿನಲ್ಲಿ, ಎನ್‌ಸಿಸಿ ಕವಾಯತಿನಲ್ಲಿ ಅದನ್ನು ಕಂಡವರು ಬಹಳ ಜನ. ಅದರ ಪೂರ್ಣ ಹೆಸರು ಲೀ-ಎನ್‌ಫೀಲ್ಡ್. ಲೀ ಎಂದರೆ ಜೇಮ್ಸ್ ಪ್ಯಾರಿಸ್ ಲೀ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವನು. ಬೋಲ್ಟ್ ಮತ್ತು ಮ್ಯಾಗಜೀನಿನ ವಿನ್ಯಾಸ ಅವನದು. ಎನ್‌ಫೀಲ್ಡ್ ಎಂದರೆ ಲಂಡನ್ನಿನ ಉತ್ತರಕ್ಕಿದ್ದ ಸರ್ಕಾರಿ ಕಾರ್ಖಾನೆ. ಆದರೆ 1888ರಲ್ಲಿ ಬ್ರಿಟನ್ ಈ ಮಾದರಿಯನ್ನು ಮೊದಲು ಒಪ್ಪಿಕೊಂಡಾಗ ಅದು ಲೀ-ಮೆಟ್‌ಫರ್ಡ್ ಆಗಿತ್ತು. ಆ ಹೆಸರು ಬದಲಾದದ್ದರ ಹಿಂದೆ ಒಂದು ರಾಸಾಯನಿಕ ಅವಘಡವಿದೆ.

ವಿಲಿಯಂ ಎಲ್ಲಿಸ್ ಮೆಟ್‌ಫರ್ಡ್ ಎಂಬ ಎಂಜಿನಿಯರ್ ನಳಿಗೆಯ ಒಳಗಿನ ಸುರುಳಿ ಗಾಡಿಗಳನ್ನು, ಅಂದರೆ ತೋಡುಗಳನ್ನು, ತೀರಾ ಆಳವಿಲ್ಲದಂತೆ, ಅಂಚುಗಳು ದುಂಡಗಿರುವಂತೆ ರೂಪಿಸಿದ್ದ. ಕರಿಮದ್ದಿನ ಕಾಲಕ್ಕೆ ಅದು ಬಹಳ ಜಾಣತನದ ವಿನ್ಯಾಸ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿ, ಮಸಿ ಮತ್ತು ಲವಣಗಳ ಗಟ್ಟಿ ಕರಿಯಾಗಿ ಉಳಿಯುತ್ತದೆ. ಚೂಪು ಮೂಲೆಗಳಿದ್ದರೆ ಕರಿ ಅಲ್ಲೇ ಕೂರುತ್ತದೆ, ದುಂಡಗಿದ್ದರೆ ಮುಂದಿನ ಗುಂಡು ಅದನ್ನು ತಳ್ಳಿಕೊಂಡು ಹೋಗುತ್ತದೆ. ಇದಕ್ಕಿಂತ ಹಿಂದಿನ ತಲೆಮಾರಿನ ಪ್ಯಾಟರ್ನ್ 1853 ಎನ್‌ಫೀಲ್ಡಿನ ತೋಟಾಗಳಿಗೆ ಕೊಬ್ಬು ಸವರುತ್ತಿದ್ದುದೂ ಗುಂಡು ಸಲೀಸಾಗಿ ಜಾರಲಿ, ಈ ಕರಿ ಮೆದುವಾಗಲಿ ಎಂದೇ. ಯಾವ ಪ್ರಾಣಿಯ ಕೊಬ್ಬು ಎಂಬ ಪ್ರಶ್ನೆ 1857ರಲ್ಲಿ ಭಾರತದ ಚರಿತ್ರೆಯನ್ನೇ ತಿರುಗಿಸಿತು. ಕರಿಮದ್ದಿನ ಕರಿ ಒಂದು ಸಾಮ್ರಾಜ್ಯವನ್ನು ಅಲುಗಿಸಿದ ಬಗೆ ಇದು.

1891ರ ಹೊತ್ತಿಗೆ ಬ್ರಿಟನ್ ಕರಿಮದ್ದನ್ನು ಬಿಟ್ಟು ಕಾರ್ಡೈಟಿಗೆ ಬಂತು. ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವರ್ ರೂಪಿಸಿದ ಈ ಹೊಗೆರಹಿತ ಮದ್ದು ಸೇವಿಗೆ ಎಳೆಗಳಂತೆ ಇರುತ್ತಿತ್ತು. ಕರಿ ಹೋಯಿತು, ಅದರ ಜಾಗಕ್ಕೆ ತಾಪ ಬಂತು. ಆರಂಭದ ಕಾರ್ಡೈಟಿನಲ್ಲಿ ನೈಟ್ರೋಗ್ಲಿಸರಿನ್ ಪಾಲು ಹೆಚ್ಚು, ಹಾಗಾಗಿ ಅದು ಬಹಳ ಬಿಸಿಯಾಗಿ ಉರಿಯುತ್ತಿತ್ತು. ಗುಂಡು ಹಾರುವ ಆ ಕ್ಷಣದಲ್ಲಿ ಉಕ್ಕಿನ ಒಳಮೈ ಮಾತ್ರ ವಿಪರೀತ ಕಾಯುತ್ತದೆ, ಕೆಳಗಿನ ಉಕ್ಕು ತಣ್ಣಗಿರುತ್ತದೆ. ಕಾದದ್ದು ಹಿಗ್ಗಲು ನೋಡುತ್ತದೆ, ತಣ್ಣಗಿನದು ಬಿಡುವುದಿಲ್ಲ. ಇದು ಸಾವಿರಾರು ಸಲ ನಡೆದಾಗ ಮೇಲ್ಮೈಯಲ್ಲಿ ಸೂಕ್ಷ್ಮ ಬಿರುಕುಗಳ ಜಾಲ ಹುಟ್ಟುತ್ತದೆ. ಬಿಸಿ ಅನಿಲ ಅಲ್ಲಿಂದ ಉಕ್ಕನ್ನು ಕಿತ್ತುಕೊಂಡು ಹೋಗುತ್ತದೆ. ಆಳವಿಲ್ಲದ ಮೆಟ್‌ಫರ್ಡ್ ಗಾಡಿಗಳು ಈ ಸವೆತದ ಮುಂದೆ ನಿಲ್ಲಲಿಲ್ಲ. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಐದು ಆಳವಾದ, ಚೌಕಾಂಚಿನ ಗಾಡಿಗಳ ನಳಿಗೆಯನ್ನು ತಂದಿತು. ಮೆಟ್‌ಫರ್ಡ್ ಹೆಸರು ಹೋಯಿತು, ಎನ್‌ಫೀಲ್ಡ್ ಬಂತು. ಮೂಲ ಮೆಟ್‌ಫರ್ಡ್ ನಳಿಗೆ ಇನ್ನೂ ಸ್ಪಷ್ಟವಾಗಿ ಉಳಿದಿರುವ ರೈಫಲ್ ಸಿಕ್ಕರೆ ಸಂಗ್ರಾಹಕರು ಹಿಗ್ಗುವುದು ಇದರಿಂದಲೇ. ಕಾರ್ಡೈಟ್ ಬಹುಪಾಲು ನಳಿಗೆಗಳನ್ನು ತಿಂದುಹಾಕಿತ್ತು.

ಈಗ ಹೊರಮೈಗೆ ಬರೋಣ. ಇಲ್ಲಿ ತುಕ್ಕು ಶತ್ರುವೂ ಹೌದು, ರಕ್ಷಕನೂ ಹೌದು.

ಕಬ್ಬಿಣ, ಆಕ್ಸಿಜನ್, ನೀರು ಮೂರೂ ಸೇರಿದಾಗ ಕೆಂಪು ತುಕ್ಕು. ಅದು ತಾನು ಹುಟ್ಟಿದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಆದ್ದರಿಂದ ಉಬ್ಬಿ ಹಕ್ಕಳೆ ಏಳುತ್ತದೆ. ಹಕ್ಕಳೆಯ ಅಡಿಯಲ್ಲಿ ತೇವ ನಿಲ್ಲುತ್ತದೆ, ಹೊಸ ತುಕ್ಕು ಹುಟ್ಟುತ್ತದೆ. ಆದರೆ ಕಬ್ಬಿಣಕ್ಕೆ ಇನ್ನೊಂದು ಆಕ್ಸೈಡ್ ಇದೆ, ಕಪ್ಪು ಬಣ್ಣದ ಮ್ಯಾಗ್ನಟೈಟ್. ಇದು ದಟ್ಟ, ಉಕ್ಕಿಗೆ ಬಿಗಿಯಾಗಿ ಅಂಟುತ್ತದೆ, ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರಿಟಿಷ್ ಬಂದೂಕು ಕುಶಲಕರ್ಮಿಗಳು ಮೊದಲನೆಯದನ್ನು ಎರಡನೆಯದಾಗಿ ಬದಲಿಸುವ ವಿದ್ಯೆ ಕಲಿತಿದ್ದರು. ಚೊಕ್ಕಟವಾಗಿ ಉಜ್ಜಿದ ನಳಿಗೆಗೆ ಆಮ್ಲೀಯ ದ್ರಾವಣ ಸವರಿ, ತೇವದ ಪೆಟ್ಟಿಗೆಯಲ್ಲಿಟ್ಟು ಬೇಕೆಂದೇ ತೆಳ್ಳನೆಯ ತುಕ್ಕು ಹಿಡಿಸುತ್ತಿದ್ದರು. ಬಳಿಕ ಕುದಿಯುವ ನೀರಿನಲ್ಲಿ ಮುಳುಗಿಸುತ್ತಿದ್ದರು. ಕೆಂಪು ಪದರ ಕಣ್ಣೆದುರೇ ಕಪ್ಪಾಗುತ್ತದೆ. ಸಡಿಲವಾದ ಪುಡಿಯನ್ನು ಮೃದುವಾದ ತಂತಿ ಬ್ರಷ್ಷಿನಿಂದ ಉದುರಿಸಿ ಮತ್ತೆ ಅದೇ ಕ್ರಮ, ಹಲವು ಸುತ್ತು. ಪ್ರತಿ ಸುತ್ತಿಗೂ ಕಪ್ಪು ಗಾಢವಾಗುತ್ತ ಹೋಗುತ್ತದೆ. ಎರಡನೆಯ ಮಹಾಯುದ್ಧದ ಅವಸರದಲ್ಲಿ ಇಂಥ ತಾಳ್ಮೆಗೆ ಜಾಗವಿರಲಿಲ್ಲ. ಆ ಕಾಲದ ಮತ್ತು ನಂತರದ ನಂಬರ್ 4 ಮಾದರಿಯ ಲೀ-ಎನ್‌ಫೀಲ್ಡುಗಳಲ್ಲಿ ಫಾಸ್ಫೇಟ್ ಲೇಪ, ಅದರ ಮೇಲೆ ಒಲೆಯಲ್ಲಿ ಕಾಯಿಸಿದ ಕಪ್ಪು ಬಣ್ಣ ಕಾಣುತ್ತದೆ. ಜೀರ್ಣೋದ್ಧಾರಕ್ಕೆ ಕೂತವನಿಗೆ ಎದುರಿಗಿರುವ ಕಪ್ಪು ಯಾವ ಕಪ್ಪು ಎಂಬುದು ತಿಳಿದಿರಬೇಕು. 1915ರ ರೈಫಲ್ಲಿಗೆ 1945ರ ಬಣ್ಣ ಬಳಿದರೆ ಅದು ಸುಳ್ಳಾಗುತ್ತದೆ.

ಕುದಿಸುವ ಈ ತಂತ್ರದಿಂದ ಸಂಗ್ರಾಹಕರಿಗೆ ಒಂದು ದೊಡ್ಡ ಉಪಕಾರವಿದೆ. ಹಳೆಯ ರೈಫಲ್ಲಿನ ಮೇಲೆ ಹೊಸದಾಗಿ ಎದ್ದ ಕೆಂಪು ತುಕ್ಕನ್ನು ಉಜ್ಜು ಕಾಗದದಿಂದ ತೆಗೆದರೆ ಅದರ ಜೊತೆಗೆ ನೂರು ವರ್ಷದ ಮೂಲ ಕಪ್ಪೂ ಹೋಗುತ್ತದೆ. ಭಾಗಗಳನ್ನು ಬಿಚ್ಚಿ ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪು ಕಪ್ಪಾಗಿ ತಿರುಗುತ್ತದೆ, ಗುಳಿಗಳಲ್ಲಿ ಅವಿತ ಕ್ಲೋರೈಡ್ ಲವಣವೂ ಸಾಕಷ್ಟು ಕರಗಿ ಹೊರಬರುತ್ತದೆ. ಲೋಹವನ್ನು ಒಂದಿಷ್ಟೂ ಕೆರೆಯಬೇಕಿಲ್ಲ. ನನ್ನ ತಿಳಿವಿನಲ್ಲಿ ಈ ಇಡೀ ವಿದ್ಯೆಯಲ್ಲಿ ಇದಕ್ಕಿಂತ ಸೊಗಸಾದ ಉಪಾಯವಿಲ್ಲ.

ಕೆರೆಯುವುದಕ್ಕೆ ಇಷ್ಟು ಹೆದರುವುದೇಕೆಂದರೆ ಆ ಮೇಲ್ಮೈ ಒಂದು ಕಡತ. ಬ್ರಿಟಿಷ್ ಸೈನಿಕ ರೈಫಲ್ಲಿನಷ್ಟು ಮುದ್ರೆ ಹೊತ್ತ ಯಂತ್ರವಸ್ತು ಅಪರೂಪ. ಕಿರೀಟ, ಅದರಡಿ ರಾಜನ ಅಥವಾ ರಾಣಿಯ ಹೆಸರಿನ ಅಕ್ಷರ, ಕಾರ್ಖಾನೆ, ವರ್ಷ, ಮಾದರಿ. ಸರ್ಕಾರಿ ಸ್ವತ್ತು ಎಂದು ಹೇಳುವ ಅಗಲ ಬಾಣದ ಗುರುತು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ನಿಂತಿದ್ದರೆ ಸೈನ್ಯದ ಸೇವೆಯಿಂದ ಮಾರಿದ್ದು. ‘ಡಿಪಿ’ ಎಂದಿದ್ದರೆ ಕವಾಯತಿಗೆ ಮಾತ್ರ, ಗುಂಡು ಹಾರಿಸಬಾರದು. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹಗಳ ಮುದ್ರೆ ಇದ್ದರೆ ಮುಂದೆ ನಾಗರಿಕರ ಮಾರುಕಟ್ಟೆಗೆ ಬಂದದ್ದು. ಮೊದಲ ಮಹಾಯುದ್ಧಕ್ಕೆ ಮುಂಚಿನ ರೈಫಲ್ಲಾದರೆ ಬಟ್ಟಿನ, ಅಂದರೆ ಹೆಗಲಿಗೆ ಒರಗಿಸುವ ಹಿಂಭಾಗದ ಮರದ, ಬದಿಯಲ್ಲಿ ಒಂದು ಹಿತ್ತಾಳೆ ಬಿಲ್ಲೆ, ಅದರಲ್ಲಿ ರೆಜಿಮೆಂಟಿನ ಗುರುತು. ಲೀ-ಎನ್‌ಫೀಲ್ಡಿನ 1916ರ ಮಾರ್ಕ್ 3 ಸ್ಟಾರ್ ಮಾದರಿಯಲ್ಲಿ ನಕ್ಷತ್ರ ಚಿಹ್ನೆ ಸೇರಿಸಿ ದೂರದ ಸಾಮೂಹಿಕ ಗುರಿಗೆಂದಿದ್ದ ಪಕ್ಕದ ನೋಟಕ, ಮ್ಯಾಗಜೀನ್ ತಡೆಯುವ ಪಟ್ಟಿ ಕೈಬಿಟ್ಟರು. ಯುದ್ಧದ ಒತ್ತಡ ಹೆಚ್ಚಿದಂತೆ ಭಾಗಗಳು ಹೇಗೆ ಕಡಿಮೆಯಾದವೆಂದು ಉಕ್ಕನ್ನೇ ನೋಡಿ ಹೇಳಬಹುದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಶರ್ಲಿ ಕಾರ್ಖಾನೆ ತನ್ನ ಹೆಸರಿನ ಬದಲು ‘ಎಂ 47 ಸಿ’ ಎಂಬ ಸಂಕೇತ ಒತ್ತುತ್ತಿತ್ತು. ಬಾಂಬು ಹಾಕುವವರಿಗೆ ವಿಳಾಸ ಸಿಗಬಾರದೆಂದು. ಅಮೆರಿಕದ ಸ್ಯಾವೇಜ್ ಕಂಪನಿ ಬ್ರಿಟನ್ನಿಗಾಗಿ ಮಾಡಿದ ರೈಫಲ್ಲುಗಳ ಮೇಲೆ ‘ಅಮೆರಿಕದ ಸ್ವತ್ತು’ ಎಂಬ ಮುದ್ರೆಯಿದೆ, ಏಕೆಂದರೆ ಅವು ಸಾಲ-ಗುತ್ತಿಗೆ ಒಪ್ಪಂದದಡಿ ಬಂದವು. ಮುದ್ರೆ ಒತ್ತಿದಾಗ ಉಕ್ಕಿನ ಹರಳುಗಳು ಗುಳಿಯ ತಳಕ್ಕಿಂತಲೂ ಕೆಳಗಿನವರೆಗೆ ನಲುಗುತ್ತವೆ. ಹೀಗಾಗಿ ಮೇಲಿನ ಅಕ್ಷರ ಸವೆದರೂ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಅದನ್ನು ಮತ್ತೆ ಓದಲು ಕೆಲವೊಮ್ಮೆ ಸಾಧ್ಯ. ಆದರೆ ಪಾಲಿಶ್ ಚಕ್ರಕ್ಕೆ ಕೊಟ್ಟು ಮಿರಮಿರ ಮಿನುಗಿಸಿದ ರೈಫಲ್ಲಿನಲ್ಲಿ ಅದೂ ಉಳಿಯುವುದು ಕಷ್ಟ.

ಮರದ ಮಾತು ಇನ್ನೂ ಸ್ವಾರಸ್ಯದ್ದು. ಬಟ್ಟು ಮತ್ತು ನಳಿಗೆಯ ಕೆಳಗಿನ ಉದ್ದನೆಯ ಮರ ಹೆಚ್ಚಾಗಿ ಅಕ್ರೋಟಿನದು. ಅದಕ್ಕೆ ಬ್ರಿಟಿಷ್ ಸೈನ್ಯ ಹಚ್ಚುತ್ತಿದ್ದುದು ಹಸಿ ಅಗಸೆ ಎಣ್ಣೆ. ಧಾರವಾಡ, ಬಾಗಲಕೋಟೆಯ ಕಡೆ ರೊಟ್ಟಿಯ ಜೊತೆ ಚಟ್ನಿಪುಡಿಯಾಗುವ ಅದೇ ಅಗಸೆಯದು. ಅಗಸೆ ಎಣ್ಣೆ ‘ಒಣಗುತ್ತದೆ’ ಎನ್ನುತ್ತೇವೆ, ಆದರೆ ಅದರಿಂದ ಏನೂ ಆವಿಯಾಗಿ ಹೋಗಬೇಕಿಲ್ಲ. ಆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲೆನಿಕ್ ಆಮ್ಲ. ಅದರ ಇಂಗಾಲದ ಸರಪಳಿಯಲ್ಲಿ ಮೂರು ಜೋಡಿಬಂಧಗಳಿವೆ. ಗಾಳಿಯ ಆಕ್ಸಿಜನ್ ಅಲ್ಲಿ ಕೈ ಹಾಕುತ್ತದೆ, ಪಕ್ಕದ ಅಣುವಿನ ಸರಪಳಿಗೆ ಕೊಂಡಿ ಬೆಸೆಯುತ್ತದೆ. ದಿನಗಳು, ವಾರಗಳು ಕಳೆದಂತೆ ದ್ರವವೆಲ್ಲ ಒಂದೇ ಜಾಲವಾಗಿ ಗಟ್ಟಿಯಾಗುತ್ತದೆ. ಆಕ್ಸಿಜನ್ ಸೇರುವುದರಿಂದ ಎಣ್ಣೆಯ ತೂಕ ಮೊದಲಿಗೆ ಏರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಇಂಥ ಜೋಡಿಬಂಧಗಳು ತೀರಾ ಕಡಿಮೆ, ಹಾಗಾಗಿ ಅದನ್ನು ವರ್ಷವಿಡೀ ಸವರಿದರೂ ಮರ ಜಿಡ್ಡಾಗಿಯೇ ಇರುತ್ತದೆ.

ಈ ಕ್ರಿಯೆ ಶಾಖ ಬಿಡುತ್ತದೆ. ಮರದ ಮೇಲಿನ ತೆಳುಪದರದಲ್ಲಿ ಆ ಶಾಖ ಗಾಳಿಗೆ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಮಾತ್ರ ಶಾಖ ಒಳಗೇ ಉಳಿದು, ಬಿಸಿ ಏರಿದಂತೆ ಕ್ರಿಯೆಯೂ ವೇಗಗೊಂಡು, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಗಳ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಮರಗೆಲಸದವರು ಬಿಟ್ಟುಹೋದ ಅಗಸೆ ಎಣ್ಣೆಯ ಚಿಂದಿಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ರೈಫಲ್ ಇರಲಿ, ಹಳೆಯ ತೊಟ್ಟಿಲಿರಲಿ, ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಬಯಲಿನಲ್ಲಿ ಬಿಚ್ಚಿ ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಇದನ್ನು ಓದಿದವರು ಮನೆಯಲ್ಲಿ ಮರಗೆಲಸ ಮಾಡುವವರಿಗೂ ಹೇಳಿ.

ಮರಕ್ಕೆ ಬಿದ್ದ ತಗ್ಗನ್ನು ಎಬ್ಬಿಸಲು ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ಇಡುತ್ತಾರೆ. ಪೆಟ್ಟು ಬಿದ್ದಾಗ ಮರದ ನಾರುಗಳು ತುಂಡಾಗಿರುವುದಿಲ್ಲ, ಜಜ್ಜಿರುತ್ತವೆ. ಬಿಸಿ ಮತ್ತು ತೇವ ಸೇರಿದಾಗ ಅವು ಮೆತ್ತಗಾಗಿ ಉಬ್ಬಿ ಹಳೆಯ ಆಕಾರಕ್ಕೆ ಹೊರಳುತ್ತವೆ. ಕೆಲಸ ಸುಲಭ, ಫಲ ಬೆರಗು ಹುಟ್ಟಿಸುವಂಥದ್ದು. ಆದರೆ ಬಟ್ಟಿನ ಮೇಲಿನ ಕಾರ್ಖಾನೆಯ ದುಂಡುಮುದ್ರೆ, ತನಿಖಾಧಿಕಾರಿಯ ಕಿರೀಟ, ದುರಸ್ತಿಯ ಗುರುತು ಇವೂ ಜಜ್ಜಿದ ನಾರುಗಳೇ ಅಲ್ಲವೆ? ಆವಿಗೆ ಮುದ್ರೆ ಯಾವುದು, ಗಾಯ ಯಾವುದು ಎಂಬ ಭೇದವಿಲ್ಲ. ಕಂದಕದಲ್ಲಿ ಬಿದ್ದ ಪೆಟ್ಟನ್ನೂ 1917ರ ಮುದ್ರೆಯನ್ನೂ ಅದು ಒಟ್ಟಿಗೆ ಅಳಿಸುತ್ತದೆ. ಪಳಗಿದ ಕೈಯವರು ಮುದ್ರೆಗಳ ಹತ್ತಿರಕ್ಕೂ ಆವಿ ತರುವುದಿಲ್ಲ. ಉಜ್ಜು ಕಾಗದವನ್ನಂತೂ ಅವರು ಮುಟ್ಟುವುದೇ ಇಲ್ಲ. ಉಜ್ಜಿದ ಮರ ಲೋಹದ ಅಂಚಿಗಿಂತ ತಗ್ಗಿ ಕೂರುತ್ತದೆ, ಬೆರಳಾಡಿಸಿದರೇ ಗೊತ್ತಾಗುತ್ತದೆ.

ಇನ್ನೊಂದು ಎಚ್ಚರ ಶುದ್ಧ ಯಂತ್ರಶಾಸ್ತ್ರದ್ದು. ಮಾರ್ಕ್ 3ರ ಬಟ್ಟನ್ನು ಒಂದು ಉದ್ದ ಬೋಲ್ಟ್ ಹಿಡಿದಿರುತ್ತದೆ. ಅದರ ಚೌಕ ತುದಿ ಮುಂದಿನ ಮರದಲ್ಲಿರುವ ಒಂದು ಲೋಹದ ತಟ್ಟೆಯ ಕಂಡಿಯಲ್ಲಿ ಕೂತಿರುತ್ತದೆ, ತಾನಾಗಿ ಸಡಿಲವಾಗದಿರಲಿ ಎಂದು. ಮುಂದಿನ ಮರವನ್ನು ತೆಗೆಯದೆ ಬಟ್ಟನ್ನೇ ಮೊದಲು ಬಿಚ್ಚಲು ಹೋದರೆ ಆ ಚೌಕ ತುದಿ ತಿರುಗಿ ಮರವನ್ನು ಸೀಳುತ್ತದೆ. ನೂರು ವರ್ಷ ಎರಡು ಯುದ್ಧ ತಾಳಿದ ಮರ ಅವಸರದ ಸ್ಕ್ರೂಡ್ರೈವರಿಗೆ ಹೀಗೆ ಸೋತದ್ದು ಉಂಟು.

2003ರಲ್ಲಿ ಈ ಸಂಗ್ರಾಹಕರ ಲೋಕಕ್ಕೆ ಒಂದು ಅಚ್ಚರಿ ಕಾದಿತ್ತು. ಕಾಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ, ಲಗನ್ ಸಿಲೇಖಾನಾದಲ್ಲಿ, ನೇಪಾಳದ ಸೈನ್ಯ ತಲೆಮಾರುಗಳಿಂದ ಒಟ್ಟಿದ್ದ ಹತ್ತಾರು ಸಾವಿರ ಬಂದೂಕುಗಳನ್ನು ಎರಡು ಅಮೆರಿಕನ್ ಸಂಸ್ಥೆಗಳು ಕೊಂಡವು. ಬ್ರನ್ಸ್‌ವಿಕ್, 1853ರ ಎನ್‌ಫೀಲ್ಡ್, ಅದನ್ನೇ ಹಿಂಬದಿಯಿಂದ ತುಂಬುವಂತೆ ಮಾರ್ಪಡಿಸಿದ ಸ್ನೈಡರ್, 1871ರ ಮಾರ್ಟಿನಿ-ಹೆನ್ರಿ, ನೇಪಾಳದವರೇ ರೂಪಿಸಿದ ಗಹೇಂದ್ರ. ಕೊಂಡವರ ಕೈಗೆ ಅನೇಕ ಬಂದೂಕುಗಳು ಮಣ್ಣು, ಗಟ್ಟಿಯಾದ ಹಳೆಯ ಜಿಡ್ಡು ಮೆತ್ತಿಕೊಂಡೇ ಬಂದವು. ಜಿಡ್ಡು ನೋಡಲು ಅಸಹ್ಯ, ಆದರೆ ಅದರಡಿ ಗಾಳಿ ತೇವ ಎರಡೂ ತಲುಪದೆ ಉಕ್ಕು ಚೆನ್ನಾಗಿ ಉಳಿದ ಉದಾಹರಣೆಗಳು ಸಾಕಷ್ಟು. ಹಿತ್ತಾಳೆಯ ಭಾಗಗಳಿಗೆ ಮಾತ್ರ ಆ ಜಿಡ್ಡು ಹಿತವಾಗಲಿಲ್ಲ: ಕೊಬ್ಬಿನ ಆಮ್ಲ ತಾಮ್ರದೊಡನೆ ಸೇರಿ ಹಸಿರು ಸಾಬೂನಿನಂಥ ಕಿಲುಬು ಕಟ್ಟುತ್ತದೆ. ಇಲ್ಲಿ ಮರದ ಕಡ್ಡಿ, ದ್ರಾವಕ, ತಾಳ್ಮೆ ಸಾಕು. ಲೋಹದ ಚಾಕು ಬೇಡ.

ಇದನ್ನೆಲ್ಲ ಯಾರು, ಎಲ್ಲಿ ಇಟ್ಟುಕೊಳ್ಳಬಹುದು ಎಂಬುದು ಕಾನೂನಿಗೆ ಬಿಟ್ಟ ಮಾತು. ಬ್ರಿಟನ್ನಿನಲ್ಲಿ ಮಾರ್ಟಿನಿ-ಹೆನ್ರಿಯಂಥ, ಈಗ ಬಳಕೆ ತಪ್ಪಿದ ತೋಟಾದ ಬಂದೂಕನ್ನು ಕುತೂಹಲದ ವಸ್ತುವಾಗಿ ಪರವಾನಗಿಯಿಲ್ಲದೆ ಇಡಬಹುದು. ತ್ರೀ ನಾಟ್ ತ್ರೀಗೆ ಪ್ರಮಾಣಪತ್ರ ಬೇಕು, ಇಲ್ಲವೆ ಅದನ್ನು ಕ್ರಮಬದ್ಧವಾಗಿ ನಿಷ್ಕ್ರಿಯಗೊಳಿಸಿರಬೇಕು. ಭಾರತದಲ್ಲಿ ತ್ರೀ ನಾಟ್ ತ್ರೀ ನಾಗರಿಕರಿಗೆ ನಿಷೇಧಿತ ಬೋರ್. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲೇ ದೊರೆತ ವಿನಾಯಿತಿಯಿರುವುದರಿಂದ ಮನೆಮನೆಯ ಕೋವಿಗಳು ಉಳಿದಿವೆ. ಮಳೆ ಇಳಿಮುಖವಾಗಿ ನಾಟಿ ಮುಗಿದ ಹೊತ್ತಿಗೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಅವನ್ನು ತೊಳೆದು, ಒರೆಸಿ, ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ರಸಾಯನಶಾಸ್ತ್ರದ ಕಣ್ಣಿಗೆ ಇದಕ್ಕಿಂತ ಸರಿಯಾದ ತಿಂಗಳು ಇನ್ನೊಂದಿಲ್ಲ. ಬ್ರಿಟಿಷ್ ವಿಜ್ಞಾನಿ ಡಬ್ಲ್ಯು. ಎಚ್. ಜೆ. ವೆರ್ನನ್ ತೋರಿಸಿಕೊಟ್ಟಂತೆ ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇಕಡಾ 60 ದಾಟಿದ ಮೇಲೆ ಕಬ್ಬಿಣ ತುಕ್ಕು ಹಿಡಿಯುವ ವೇಗ ಒಮ್ಮೆಲೇ ಏರುತ್ತದೆ. ಕೊಡಗಿನ ಮುಂಗಾರಿನಲ್ಲಿ ಗಾಳಿ ಆ ಗೆರೆಯ ಕೆಳಗೆ ಇಳಿಯುವ ದಿನಗಳೇ ಅಪರೂಪ.

ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡುಗಳನ್ನು ಇಂದು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ ಸಂಗ್ರಾಹಕರು ಒಂದು ಗುರುತಿನಿಂದಲೇ ಪತ್ತೆಹಚ್ಚುತ್ತಾರೆ: ಮುಂದಿನ ಮರಕ್ಕೆ ಅಡ್ಡಲಾಗಿ ಹಾಕಿದ ಒಂದು ಸ್ಕ್ರೂ. ಮರ ಸೀಳದಿರಲೆಂದು ನಮ್ಮ ಕಾರ್ಖಾನೆಯವರು ಸೇರಿಸಿದ ಬಲ ಅದು. ಇಂಗ್ಲೆಂಡಿನ ಮೂಲ ನಕ್ಷೆಯಲ್ಲಿಲ್ಲ ಎಂದು ಕೆಲವರು ಆ ಸ್ಕ್ರೂ ಇರುವ ಮರವನ್ನೇ ತೆಗೆದು ‘ಶುದ್ಧ’ ಇಂಗ್ಲಿಷ್ ಮರ ಕೂರಿಸುತ್ತಾರೆ. ನನಗಿದು ಒಪ್ಪಿಗೆಯಾಗದ ಕೆಲಸ. ಇಂಗ್ಲೆಂಡಿನಲ್ಲಿ ಹುಟ್ಟಿದ ನಕ್ಷೆಯೊಂದು ಭಾರತದ ಬಳಕೆಯಲ್ಲಿ ಪಡೆದ ತಿದ್ದುಪಡಿ ಆ ಸ್ಕ್ರೂ, ಅದನ್ನು ತೆಗೆದರೆ ಆ ಅಧ್ಯಾಯವೇ ಹರಿದುಹೋಗುತ್ತದೆ.

ಬೇಟೆಗೆಂದು ಮುಂದಿನ ಮರವನ್ನು ಗರಗಸದಿಂದ ಮೊಟಕು ಮಾಡಿದ ರೈಫಲ್ಲುಗಳ ವಿಷಯ ಬೇರೆ. ಯುದ್ಧಾನಂತರ ಅಗ್ಗಕ್ಕೆ ಮಾರಿದಾಗ ಹೀಗಾದವು ಅಸಂಖ್ಯ. ಇವಕ್ಕೆ ಮತ್ತೆ ಪೂರ್ತಿ ಮರ ತೊಡಿಸುವುದು ನ್ಯಾಯವೇ, ಒಂದು ಶರತ್ತಿನ ಮೇಲೆ. ಹೊಸ ಮರದ ಒಳಬದಿಯಲ್ಲಿ, ನಳಿಗೆ ಕೂರುವ ಜಾಗದಲ್ಲಿ, ಯಾವ ವರ್ಷ ಏನನ್ನು ಬದಲಿಸಲಾಯಿತು ಎಂದು ಅಳಿಯದಂತೆ ಬರೆದಿರಬೇಕು. ತೆಗೆದ ಮೂಲಭಾಗಗಳನ್ನು ಚೀಟಿ ಕಟ್ಟಿ ಜೊತೆಗೇ ಇಡಬೇಕು. ಹೊರಮೈಗೆ 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂ ಪ್ರಯೋಗಾಲಯದಲ್ಲಿ ರೂಪುಗೊಂಡ ಸೂಕ್ಷ್ಮಸ್ಫಟಿಕ ಮೇಣದಂಥ, ಮುಂದೆ ಬೇಕೆಂದಾಗ ಕರಗಿಸಿ ತೆಗೆಯಬಹುದಾದ ಲೇಪವನ್ನೇ ಹಚ್ಚಬೇಕು. ಒಮ್ಮೆ ಹಚ್ಚಿದರೆ ಬಿಡದ ವಾರ್ನಿಷ್ ಬೇಡ. ಹಳೆಯ ಮುದ್ರೆಗಳನ್ನು ಹೊಸ ಮರದ ಮೇಲೆ ನಕಲು ಒತ್ತುವವರೂ ಇದ್ದಾರೆ. ಹಾಲೆಂಡ್ ಅಂಡ್ ಹಾಲೆಂಡ್ ದೂರದರ್ಶಕ ಕೂರಿಸಿದ ನಂಬರ್ 4 ರೈಫಲ್ಲುಗಳಿಗೆ ಬೆಲೆ ಬಹಳ, ಅದಕ್ಕೇ ಅವುಗಳ ನಕಲಿಗಳು ಮಾರುಕಟ್ಟೆಯಲ್ಲಿ ಸುತ್ತುತ್ತಿವೆ. ಅವುಗಳನ್ನು ಹಿಡಿಯುವುದು ಕೊನೆಗೂ ಇದೇ ಸಣ್ಣ ಸಂಗತಿಗಳಿಂದ: ಮುದ್ರೆಯ ತಳದಲ್ಲಿ ಎಣ್ಣೆ ಎಷ್ಟು ಗಟ್ಟಿಯಾಗಿದೆ, ತಿರುಪಿನ ಸುತ್ತಲ ಕಪ್ಪು ಯಾವ ಬಗೆಯದು, ಮರ ಲೋಹದ ಅಂಚಿಗೆ ಸಮನಾಗಿದೆಯೇ ತಗ್ಗಿದೆಯೇ.